ತಂಗಿ ಕಾರು ಮಾರುತ್ತಾಳೆ

ನಮ್ಮ ಮನೆಯಲ್ಲಿ ನೌಕರಿಗೆ ಹೋಗುವವರು ಇಬ್ಬರು. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ದಿನವಿಡೀ ನಾನು ಏನು ಮಾಡ್ತೀನಿ ಅಂತ ನೆಂಟರಲ್ಲಿ ಒಬ್ಬರಿಗೂ ಸರಿಯಾಗಿ ಗೊತ್ತಿಲ್ಲ, ಆದರೂ ಮದುವೆ ಮನೆಯಲ್ಲಿ ಕುರ್ಚಿ ಎಳೆದು ಕೂರಿಸ್ತಾರೆ. ತಂಗಿ ಶಿವಮೊಗ್ಗದ ಒಂದು ಕಾರ್ ಶೋರೂಮಿನಲ್ಲಿ ಸೇಲ್ಸ್ ಕನ್ಸಲ್ಟೆಂಟ್. ಅವಳು ಏನು ಮಾಡ್ತಾಳೆ ಅಂತ ಎಲ್ಲರಿಗೂ ಗೊತ್ತು. "ಓ, ಸೇಲ್ಸಾ?" ಅಂತಾರೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇರೆ ಕಡೆ ಟ್ರೈ ಮಾಡ್ತಿದಾಳಾ?" ಅಂತ ಕೇಳ್ತಾರೆ.

ಇಲ್ಲ, ಮಾಡ್ತಿಲ್ಲ. ಈ ಕೆಲಸಕ್ಕೆ ಸೇರಿ ಎರಡೂವರೆ ವರ್ಷ ಆಯಿತು. ಇಲ್ಲೇ ಮುಂದುವರಿಯಬೇಕು ಅಂತ ಅವಳ ಲೆಕ್ಕ.

ದಿನಾ ರಾತ್ರಿ ಒಂಬತ್ತೂವರೆಗೆ ಅವಳ ಫೋನ್ ಬರುತ್ತೆ. ಕೇಳಿ ಕೇಳಿ ಕಾರು ಮಾರಾಟ ಅಂದರೆ ಏನು ಅಂತ ನನಗೂ ಒಂದಷ್ಟು ಗೊತ್ತಾಗಿದೆ. ಡಿಗ್ರಿ ಮುಗಿಸಿ, "ಶೋರೂಮಿನಲ್ಲಿ ಕೆಲಸ ಸಿಕ್ಕಿದೆ, ಹೋಗಲಾ ಬೇಡವಾ" ಅಂತ ಯೋಚಿಸ್ತಾ ಇರುವವರು ನಿಮ್ಮ ಮನೆಯಲ್ಲೂ ಇರಬಹುದು. ಅವರಿಗೆ ಉಪಯೋಗ ಆಗಲಿ ಅಂತ ಬರೀತಿದ್ದೀನಿ. ತಂಗಿಯ ಒಪ್ಪಿಗೆ ತಗೊಂಡೇ ಬರೀತಿದ್ದೀನಿ. "ಶೋರೂಮಿನ ಹೆಸರು ಹಾಕಬೇಡ, ಮಿಕ್ಕಿದ್ದು ಏನಾದ್ರೂ ಹಾಕ್ಕೋ" ಅಂದಿದ್ದಾಳೆ.

ಸ್ಟೇರಿಂಗ್ ಹಿಡಿದ ಮೇಲೆ ಇಂಟರ್‌ವ್ಯೂ

ಅವಳು ಬಿ.ಕಾಂ. ಮುಗಿಸಿ ಭದ್ರಾವತಿಯಲ್ಲೇ ಒಂದು ಆಡಿಟರ್ ಆಫೀಸಿನಲ್ಲಿ ವರ್ಷ ಕೆಲಸ ಮಾಡಿದಳು. ಸಂಬಳ 9,000 ರೂಪಾಯಿ. ಕೆಲಸ ಅಂದರೆ ಬಿಲ್ಲುಗಳನ್ನು ಕಂಪ್ಯೂಟರಿಗೆ ಏರಿಸೋದು. ಅಪ್ಪನ ಪುಸ್ತಕ, ಸ್ಟೇಷನರಿ ಅಂಗಡಿಯ ಮೇಲೆ ಒಂದು ಸಾಲ ಇತ್ತು. ಅದರ ಕಂತಿನಲ್ಲಿ ಅರ್ಧ ತಾನು ಕಟ್ಟಬೇಕು ಅನ್ನೋದು ಅವಳ ಹಟ. 9,000ದಲ್ಲಿ ಅದು ಆಗುವ ಮಾತಲ್ಲ.

ಶೋರೂಮಿನವರು ಆಳು ಹುಡುಕ್ತಿದಾರೆ ಅಂತ ಗೆಳತಿ ಹೇಳಿದಾಗ ಇವಳು ಅರ್ಜಿಗಿಂತ ಮೊದಲು ಡ್ರೈವಿಂಗ್ ಸ್ಕೂಲಿಗೆ ಹೋದಳು. ಎಲ್‌ಎಲ್‌ಆರ್ ಸಿಕ್ಕಿ 30 ದಿನ ಆದ ಮೇಲೆಯೇ ಪಕ್ಕಾ ಲೈಸೆನ್ಸಿಗೆ ಟೆಸ್ಟ್ ಕೊಡೋಕೆ ಆಗೋದು. ಆ ಒಂದು ತಿಂಗಳು ಬೆಳಿಗ್ಗೆ ಆರಕ್ಕೆ ಎದ್ದು ಕಲಿತಳು. "ಓಡಿಸೋಕೆ ಬರದೇ ಇದ್ರೆ, ಇನ್ನೊಬ್ಬರಿಗೆ ಏನಂತ ತೋರಿಸಲಿ ಅಣ್ಣ?" ಅಂತ ಅವಳ ಪ್ರಶ್ನೆ. ಇಂಟರ್‌ವ್ಯೂನಲ್ಲಿ ಅವಳನ್ನು ಆರಿಸಿದ್ದಕ್ಕೆ ಬಿ.ಕಾಂ.ಗಿಂತ ಆ ಲೈಸೆನ್ಸೇ ದೊಡ್ಡ ಕಾರಣ ಅಂತ ಆಮೇಲೆ ಮ್ಯಾನೇಜರೇ ಹೇಳಿದರಂತೆ.

ಅಪ್ಪನಿಗೆ ಇಷ್ಟ ಇರಲಿಲ್ಲ. "ಕಂಡವರ ಮುಂದೆ ಹಲ್ಲು ಕಿರಿಯೋ ಕೆಲಸ" ಅಂದರು. ಅಮ್ಮನಿಗೆ ಬೇರೆ ಚಿಂತೆ: ಅಪರಿಚಿತ ಗಂಡಸರನ್ನು ಪಕ್ಕದಲ್ಲಿ ಕೂರಿಸಿಕೊಂಡು ಟೆಸ್ಟ್ ಡ್ರೈವ್ ಹೋಗಬೇಕಾ? ಇದನ್ನು ತಂಗಿ ಇಂಟರ್‌ವ್ಯೂನಲ್ಲೇ ಕೇಳಿಬಿಟ್ಟಿದ್ದಳು. ಒಬ್ಬಳೇ ಹೋಗಬೇಕಿಲ್ಲ, ಹಿಂದಿನ ಸೀಟಿನಲ್ಲಿ ಶೋರೂಮಿನ ಇನ್ನೊಬ್ಬರು ಇರ್ತಾರೆ, ಗಿರಾಕಿ ಲೈಸೆನ್ಸ್ ತೋರಿಸಿದ ಮೇಲೆಯೇ ಕೀ ಕೊಡೋದು ಅಂತ ಉತ್ತರ ಬಂತು. ಅಮ್ಮ ಅರ್ಧ ಸಮಾಧಾನ ಆದರು. ಅಪ್ಪ ಸುಮ್ಮನಾದರು, ಒಪ್ಪಲಿಲ್ಲ.

2023ರ ಜೂನ್‌ನಲ್ಲಿ ಸೇರಿದಳು. ಮೂಲ ಸಂಬಳ 15,000. ಮಿಕ್ಕಿದ್ದು ಇನ್ಸೆಂಟಿವ್. ಅಂದರೆ ಕಾರು ಮಾರಿದರೆ ಮಾತ್ರ.

ಹತ್ತು ಲಕ್ಷದ ಗೆರೆ

ಕಾರು ಮಾರೋಕೆ ಮಾತು ಚೆನ್ನಾಗಿ ಬರಬೇಕು ಅಂತ ಎಲ್ಲರೂ ಅಂದ್ಕೋತಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ. ಆದರೆ ಮೊದಲ ಹದಿನೈದು ದಿನ ಅವಳಿಗೆ ಕಲಿಸಿದ್ದು ಲೆಕ್ಕ.

ಜಾಹೀರಾತಿನಲ್ಲಿ ಇರೋದು ಎಕ್ಸ್ ಶೋರೂಮ್ ಬೆಲೆ. ಗಿರಾಕಿ ಕೊಡೋದು ಆನ್ ರೋಡ್ ಬೆಲೆ. ನಡುವೆ ಇರೋದನ್ನು ಬಿಡಿಸಿ ಹೇಳೋಕೆ ಬರದವರು ಈ ಕೆಲಸದಲ್ಲಿ ಉಳಿಯಲ್ಲ. ಅವಳು ಸೇರಿದಾಗ ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ಜೀವಿತಾವಧಿ ತೆರಿಗೆ ಹೀಗಿತ್ತು: 5 ಲಕ್ಷದವರೆಗೆ ಶೇ 13, 5ರಿಂದ 10 ಲಕ್ಷಕ್ಕೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17, ಅದರಾಚೆಗೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್.

ಒಂದು ಭಾನುವಾರ ಊರಿಗೆ ಹೋಗಿದ್ದಾಗ ನನ್ನನ್ನೇ ಗಿರಾಕಿ ಮಾಡಿ ಕೂರಿಸಿದಳು. "ಅಣ್ಣ, 9.90 ಲಕ್ಷದ ಗಾಡಿಗೆ ತೆರಿಗೆ, ಸೆಸ್ ಎರಡೂ ಸೇರಿ ಎಷ್ಟಾಗುತ್ತೆ?" ಫೋನಿನಲ್ಲಿ ಒತ್ತಿ ನೋಡಿದೆ: 1,53,846. "ಈಗ 10.50 ಲಕ್ಷದ್ದಕ್ಕೆ?" 1,98,135. ಗಾಡಿಯ ಬೆಲೆ 60,000 ಹೆಚ್ಚಾದರೆ ತೆರಿಗೆ 44,000 ಹೆಚ್ಚು! ಅದರ ಮೇಲೆ, 10 ಲಕ್ಷ ದಾಟಿದ ಕಾರಿಗೆ ಶೇ 1 ಟಿಸಿಎಸ್ ಕಟ್ಟಬೇಕು. ಅದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ತಗೋಬಹುದು, ನಿಜ. ಆದರೆ ಗಾಡಿ ಬಿಡಿಸುವ ದಿನ ಜೇಬಿನಿಂದ ಹೋಗೋದು ಹೋಗುತ್ತೆ.

"ಇನ್ನೊಂದು ಅರವತ್ತು ಸಾವಿರ ಹಾಕಿದ್ರೆ ಮೇಲಿನ ಮಾಡೆಲ್ ಬರುತ್ತೆ ಸಾರ್, ಅಂತ ಹೇಳೋದು ಸುಲಭ. ಆ ಅರವತ್ತು, ಒಂದು ಲಕ್ಷದ ಮೇಲೆ ಆಗುತ್ತೆ ಅಂತ ಮೊದಲೇ ಹೇಳಿದ್ರೆ ಅವರು ಕೋಪ ಮಾಡ್ಕೊಳ್ಳಲ್ಲ. ಆಮೇಲೆ ಗೊತ್ತಾದ್ರೆ ನನ್ನ ಮುಖ ನೋಡಲ್ಲ" ಅಂದಳು.

ಇನ್ಶೂರೆನ್ಸ್ ಕೂಡ ಹಾಗೇ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ಅದನ್ನು ಶೋರೂಮಿನಲ್ಲೇ ಮಾಡಿಸಬೇಕು ಅನ್ನುವ ಕಾನೂನು ಇಲ್ಲ, ಹೊರಗೂ ತಗೋಬಹುದು. ಆದರೆ ಶೋರೂಮಿನಲ್ಲಿ ಮಾಡಿಸಿದರೆ ಕನ್ಸಲ್ಟೆಂಟ್‌ಗೆ ಇನ್ಸೆಂಟಿವ್ ಇದೆ. ಸಾಲ ಅಲ್ಲಿಂದಲೇ ಆದರೆ, ಆಕ್ಸೆಸರಿ ಹಾಕಿಸಿದರೆ, ವಾರಂಟಿ ಮುಂದುವರಿಸಿದರೆ, ಹಳೇ ಗಾಡಿ ಎಕ್ಸ್‌ಚೇಂಜಿಗೆ ಬಂದರೆ, ಒಂದೊಂದಕ್ಕೂ ಒಂದೊಂದು ಲೆಕ್ಕ. ತಿಂಗಳಿಗೆ ಇಂತಿಷ್ಟು ಗಾಡಿ ಆಗದೇ ಇದ್ದರೆ ಆ ಲೆಕ್ಕವೇ ಶುರುವಾಗಲ್ಲ. ಅಂದರೆ ಗಿರಾಕಿಗೆ ಎಲ್ಲ ಬಿಡಿಸಿ ಹೇಳುವ ಪ್ರತಿ ಸಲವೂ ತನ್ನ ಸಂಬಳದ ಒಂದು ತುಂಡನ್ನು ಮೇಜಿನ ಮೇಲೆ ಇಟ್ಟ ಹಾಗೆ. ಈ ಕೆಲಸದ ನಿಜವಾದ ಕಷ್ಟ ಇದೇ ಅಂತ ನನಗೆ ಅನಿಸುತ್ತೆ.

ಆಷಾಢ, ಆಮೇಲೆ ಅಧಿಕ ಮಾಸ

ಸೇರಿದ ಕಾಲ ಸರಿ ಇರಲಿಲ್ಲ. ಜೂನ್ ಕೊನೆಗೆ ಆಷಾಢ. ನಮ್ಮ ಕಡೆ ಆಷಾಢದಲ್ಲಿ ಹೊಸ ಗಾಡಿ ಬಿಡಿಸೋದು ಕಡಿಮೆ. ಅದು ಮುಗಿದ ಕೂಡಲೇ ಶ್ರಾವಣ ಅಂತ ಕಾದರೆ, ಆ ವರ್ಷ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ. ಎರಡು ತಿಂಗಳು ಜನ ಬಂದರು, ನೋಡಿದರು, ಎಸಿ ಗಾಳಿಯಲ್ಲಿ ಕೂತು ಟೀ ಕುಡಿದರು, ಹೋದರು.

ಜೂನ್, ಸೊನ್ನೆ. ಜುಲೈ, ಸೊನ್ನೆ. ಬೆಳಿಗ್ಗೆ ಒಂಬತ್ತೂವರೆಗೆ ಮೀಟಿಂಗ್. ಎಲ್ಲರೂ ನಿಂತುಕೊಂಡು ನಿನ್ನೆಯ ಎನ್‌ಕ್ವೈರಿ ಎಷ್ಟು, ಟೆಸ್ಟ್ ಡ್ರೈವ್ ಎಷ್ಟು, ಬುಕಿಂಗ್ ಎಷ್ಟು ಅಂತ ಹೇಳಬೇಕು. ನಮ್ಮ ಆಫೀಸಿನಲ್ಲೂ ದಿನಾ ಇಂಥದ್ದೊಂದು ಮೀಟಿಂಗ್ ಇದೆ. ನನ್ನ ಕೆಲಸ ಮುಗಿಯದೇ ಇದ್ದರೆ "ನಾಳೆ ಆಗುತ್ತೆ" ಅಂತ ಹೇಳಿ ಕೂರಬಹುದು, ಸಂಬಳ ಬರುತ್ತೆ. ಅವಳು "ಸೊನ್ನೆ ಸಾರ್" ಅಂತ ಹೇಳಬೇಕು, ಸಂಬಳವೂ ಹಾಗೇ ಬರುತ್ತೆ.

ಅದರ ಮೇಲೆ ಗಿರಾಕಿಗಳು. ಇವಳು ಎದುರಿಗೆ ಹೋಗಿ ನಿಂತರೆ, "ಇಂಜಿನ್ ಬಗ್ಗೆ ಹೇಳೋಕೆ ಯಾರಾದ್ರೂ ಇದಾರೇನಮ್ಮ?" ಅಂತ ಹಿಂದೆ ನೋಡುವವರು. ಮೊದಮೊದಲು ಅಳು ಬರುತ್ತಿತ್ತಂತೆ. ಆಮೇಲೆ ಒಂದು ದಾರಿ ಕಂಡುಕೊಂಡಳು. "ಇದಾರೆ ಸಾರ್, ಕರೀತೀನಿ. ಅವರು ಬರೋವರೆಗೆ ಬಾನೆಟ್ ತೆಗೆದಿರ್ತೀನಿ" ಅಂತ ಹೇಳಿ ತೆಗೆದು ತೋರಿಸೋಕೆ ಶುರು ಮಾಡೋದು. ಅರ್ಧ ಜನಕ್ಕೆ ಆಮೇಲೆ ಬೇರೆಯವರು ಬೇಕಾಗುತ್ತಿರಲಿಲ್ಲ. ಇನ್ನರ್ಧ ಜನಕ್ಕೆ ಬೇಕಾಗುತ್ತಿತ್ತು. ಅವರಿಗೆ ನಿಜವಾಗಿಯೂ ಕರೆದುಕೊಂಡು ಬರುತ್ತಿದ್ದಳು.

ಆಗಸ್ಟ್ ಕೊನೆಗೆ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಹೆಂಡತಿ ಜೊತೆ ಬಂದರು. ಯಜಮಾನರಿಗೆ ಎತ್ತರದ ಗಾಡಿ ಮೇಲೆ ಕಣ್ಣು. ಇವಳು ಮೈಲೇಜು, ಇಂಜಿನ್ನು ಎಲ್ಲ ಹೇಳಿದಳು. ಆ ಅಮ್ಮ ಒಂದೂ ಮಾತಾಡಲಿಲ್ಲ. ಕೊನೆಗೆ ತಂಗಿಯೇ ಕೇಳಿದಳು, "ನಿಮಗೆ ಹೆಂಗನ್ನಿಸ್ತು ಅಮ್ಮ?" ಆಗ ಅವರು ಹೇಳಿದ್ದು: "ನಮ್ಮತ್ತೆಗೆ ಮಂಡಿ ನೋವು. ತಿಂಗಳಿಗೆರಡು ಸಲ ಶಿವಮೊಗ್ಗದ ಆಸ್ಪತ್ರೆಗೆ ಕರ್ಕೊಂಡು ಬರಬೇಕು. ಇಷ್ಟೆತ್ತರ ಹತ್ತಿಸೋದು ಹೆಂಗೆ ಅಂತ ನೋಡ್ತಿದೀನಿ."

ಅದುವರೆಗೆ ಯಾರೂ ಕೇಳದ ಪ್ರಶ್ನೆಗೆ ಬಂದ ಉತ್ತರ ಅದು. ತಂಗಿ ಮೂರು ಗಾಡಿಗಳ ಬಾಗಿಲು ತೆಗೆದು ಅವರನ್ನು ಹತ್ತಿಸಿ ಇಳಿಸಿ ನೋಡಿದಳು. ಮುಂದಿನ ವಾರ ಅತ್ತೆಯವರನ್ನೂ ಕರೆದುಕೊಂಡು ಬರೋಕೆ ಹೇಳಿದಳು. ಬಂದರು. ಯಜಮಾನರು ನೋಡಿದ್ದಕ್ಕಿಂತ ಕಡಿಮೆ ಬೆಲೆಯ, ಕೂರೋಕೆ ಸುಲಭವಾದ ಗಾಡಿ ಬುಕ್ ಆಯಿತು.

ದುಡ್ಡು ಕಟ್ಟುವ ದಿನ ಇನ್ನೊಂದು ಎಡವಟ್ಟು. ಯಜಮಾನರು ಕೈಚೀಲದಲ್ಲಿ 3 ಲಕ್ಷ ನಗದು ತಂದಿದ್ದರು. 2017ರ ಏಪ್ರಿಲ್‌ನಿಂದ ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳುವ ಹಾಗಿಲ್ಲ. ತಗೊಂಡರೆ ಅಷ್ಟೇ ಮೊತ್ತದ ದಂಡ, ಅದೂ ತಗೊಂಡವರಿಗೆ. "ನನ್ನ ದುಡ್ಡು ನಕಲಿನಾ?" ಅಂತ ಅವರಿಗೆ ಸಿಟ್ಟು. ಆಡಿಟರ್ ಆಫೀಸಿನ ಆ ಒಂದು ವರ್ಷ ಅವತ್ತು ಉಪಯೋಗಕ್ಕೆ ಬಂತು. ಕಾನೂನು ಏನು ಅಂತ ಸಮಾಧಾನವಾಗಿ ಹೇಳಿ, ಬ್ಯಾಂಕಿಗೆ ತಾನೇ ಜೊತೆಗೆ ಹೋಗಿ, ಖಾತೆಗೆ ಕಟ್ಟಿಸಿ, ಅಲ್ಲಿಂದ ಶೋರೂಮಿಗೆ ಹಾಕಿಸಿದಳು.

ಅದು ಅವಳ ಮೊದಲ ಕಾರು. ಎರಡೂವರೆ ತಿಂಗಳಿಗೆ ಒಂದು. ಆಮೇಲೆ ಅದೇ ಮನೆಯವರ ಮಾತಿನಿಂದ ಅದೇ ಊರಿನ ಇನ್ನಿಬ್ಬರು ಅವಳ ಹೆಸರು ಕೇಳಿಕೊಂಡು ಬಂದರು.

ಮಾತಾಡೋದು ಬೇರೆ, ಮಾತು ಉಳಿಸೋದು ಬೇರೆ

ಅವಳ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ. ಶೋರೂಮಿನ ಆ್ಯಪ್‌ನಲ್ಲಿ ಗಿರಾಕಿಗಳನ್ನು ಹಾಟ್, ವಾರ್ಮ್, ಕೋಲ್ಡ್ ಅಂತ ವಿಂಗಡಿಸಬೇಕು. ಅದನ್ನೂ ಮಾಡ್ತಾಳೆ. ಆದರೆ ನೋಟ್‌ಬುಕ್ಕಿನಲ್ಲಿ ಬರೆಯೋದು ಬೇರೆ: ಯಾರಿಗೆ ಏನು ಹೇಳಿದ್ದೀನಿ, ಯಾವಾಗ ಹೇಳ್ತೀನಿ ಅಂದಿದ್ದೀನಿ. "ಸಂಜೆ ಐದಕ್ಕೆ ಬಣ್ಣ ಯಾವುದು ಸಿಗುತ್ತೆ ಹೇಳ್ತೀನಿ" ಅಂದಿದ್ದರೆ ಐದಕ್ಕೆ ಫೋನ್ ಮಾಡಲೇಬೇಕು. ಉತ್ತರ ಸಿಕ್ಕಿಲ್ಲದಿದ್ದರೆ, "ಇನ್ನೂ ಗೊತ್ತಾಗಿಲ್ಲ ಸಾರ್, ನಾಳೆ ಬೆಳಿಗ್ಗೆ ಹೇಳ್ತೀನಿ" ಅಂತ ಹೇಳೋಕೆ ಫೋನ್ ಮಾಡಬೇಕು.

ಇದು ಸಣ್ಣ ವಿಷಯ ಅನಿಸಬಹುದು. ಆದರೆ ಕಾರು ಅಂದರೆ ನಮ್ಮಂಥ ಮನೆಗಳಲ್ಲಿ ಮನೆ ಕಟ್ಟೋದು ಬಿಟ್ಟರೆ ಅತಿ ದೊಡ್ಡ ಖರ್ಚು. ಐದು, ಏಳು ವರ್ಷದ ಸಾಲ. ತಗೊಳ್ಳುವವರಿಗೆ ಒಳಗೊಳಗೇ ಹೆದರಿಕೆ. ಹೇಳಿದ ಹೊತ್ತಿಗೆ ಫೋನ್ ಬಂದರೆ ಅರ್ಧ ಹೆದರಿಕೆ ಹೋಗುತ್ತೆ.

ಮಾತು ಉಳಿಸೋದಕ್ಕೆ ಬೆಲೆಯೂ ಇದೆ. ಸೇರಿದ ವರ್ಷದ ದಸರಾ ಹೊತ್ತಿಗೆ ಒಂದು ಮಾಡೆಲ್‌ಗೆ ಮೂರು ತಿಂಗಳು ವೇಟಿಂಗ್ ಇತ್ತು. ಆಯುಧಪೂಜೆಗೆ ಗಾಡಿ ಬೇಕು ಅಂತ ಬಂದವರಿಗೆ, "ಆಗುತ್ತೆ ಅಂತ ಹೇಳಿ ಬುಕಿಂಗ್ ತಗೊಳ್ಳಿ, ಆಮೇಲೆ ನೋಡೋಣ" ಅನ್ನೋದು ಮೇಲಿನವರ ಸೂಚನೆ. ಇವಳು ಆಗಲ್ಲ ಅಂತಲೇ ಹೇಳಿದಳು. ಆ ಗಿರಾಕಿ ಪಕ್ಕದ ಮೇಜಿಗೆ ಹೋಗಿ, "ಆಗುತ್ತೆ" ಅಂದವರ ಹತ್ತಿರ ಬುಕ್ ಮಾಡಿದರು. ಆಯುಧಪೂಜೆ ದಿನ ಗಾಡಿ ಬರಲಿಲ್ಲ. ಶೋರೂಮಿನ ಮಧ್ಯೆ ನಿಂತು ಅವರು ಕೂಗಾಡಿದ್ದನ್ನು ಎಲ್ಲರೂ ನೋಡಿದರು. ಆದರೆ ಆ ಬುಕಿಂಗ್ ಲೆಕ್ಕಕ್ಕೆ ಬಂದಿದ್ದು ಪಕ್ಕದ ಮೇಜಿನವರಿಗೇ. ಇವಳಿಗೆ ಏನೂ ಸಿಗಲಿಲ್ಲ. ಒಳ್ಳೆಯದು ಮಾಡಿದವರಿಗೆ ತಕ್ಷಣ ಒಳ್ಳೆಯದಾಗುತ್ತೆ ಅಂತ ನಾನು ಬರೆದರೆ ಅದು ಸುಳ್ಳಾಗುತ್ತೆ.

2025ರ ಆಗಸ್ಟ್

ಅವಳ ಅತಿ ಕಷ್ಟದ ತಿಂಗಳು ಯಾವುದು ಅಂತ ಕೇಳಿದರೆ ಇದನ್ನೇ ಹೇಳ್ತಾಳೆ.

ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯಿಂದ ಜಿಎಸ್‌ಟಿ ಇಳಿಸುವ ಮಾತು ಹೇಳಿದರು. ಮಾರನೇ ದಿನದಿಂದ ಶೋರೂಮಿನ ಫೋನುಗಳಲ್ಲಿ ಒಂದೇ ಪ್ರಶ್ನೆ: "ಕಾರಿಗೂ ಕಡಿಮೆ ಆಗುತ್ತಾ?" ಯಾರಿಗೂ ಪಕ್ಕಾ ಗೊತ್ತಿರಲಿಲ್ಲ. ತಂಗಿಯ ಹತ್ತಿರ ಐದು ಬುಕಿಂಗ್ ಇದ್ದವು, ಐದೂ ಗಣೇಶ ಹಬ್ಬಕ್ಕೆ ಡೆಲಿವರಿ. ಹಬ್ಬ ಆಗಸ್ಟ್ 27ಕ್ಕೆ. ತಿಂಗಳ ಕೊನೆಯೊಳಗೆ ಬಿಲ್ ಮಾಡಿಸಿ ಅಂತ ಮೇಲಿನಿಂದ ಒತ್ತಡ. ಐದೂ ಆಗಿದ್ದರೆ ಒಳ್ಳೆಯ ಇನ್ಸೆಂಟಿವ್.

ಅವಳು ಐದೂ ಮನೆಗೆ ಫೋನ್ ಮಾಡಿದಳು. "ಇಳಿಸ್ತೀವಿ ಅಂತ ಹೇಳಿದ್ದಾರೆ. ಕಾರಿಗೆ ಎಷ್ಟು, ಯಾವಾಗ ಅಂತ ಇನ್ನೂ ಗೊತ್ತಿಲ್ಲ. ಹಬ್ಬಕ್ಕೆ ಬೇಕೇ ಬೇಕು ಅಂದ್ರೆ ಗಾಡಿ ರೆಡಿ ಇದೆ. ಅವಸರ ಇಲ್ಲ ಅಂದ್ರೆ ಸ್ವಲ್ಪ ಕಾದು ನೋಡಬಹುದು. ತೀರ್ಮಾನ ನಿಮ್ಮದು." ಇಬ್ಬರು ಹಬ್ಬಕ್ಕೆ ತಗೊಂಡರು. ಮೂವರು ಕಾದರು. ಮಾರನೇ ದಿನದ ಮೀಟಿಂಗಿನಲ್ಲಿ ಎಲ್ಲರೆದುರು ಬೈಸಿಕೊಂಡಳು. ಆ ತಿಂಗಳ ಟಾರ್ಗೆಟ್ ತಪ್ಪಿತು, ಇನ್ಸೆಂಟಿವ್ ಹೋಯಿತು. ಅಪ್ಪನ ಅಂಗಡಿ ಸಾಲದ ಅವಳ ಪಾಲಿನ ಕಂತನ್ನು ನಾನು ಕಟ್ಟಿದೆ.

ಸೆಪ್ಟೆಂಬರ್ 3ರಂದು ತೀರ್ಮಾನ ಬಂತು. 4 ಮೀಟರ್ ಒಳಗಿನ ಉದ್ದದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗಿನ ಕಾರುಗಳಿಗೆ, ಶೇ 28 ಮತ್ತು ಅದರ ಮೇಲಿನ ಸೆಸ್ ಬದಲು ಬರೀ ಶೇ 18. ದೊಡ್ಡ ಕಾರುಗಳಿಗೆ ಸೆಸ್ ತೆಗೆದು ಶೇ 40. ಜಾರಿ ಸೆಪ್ಟೆಂಬರ್ 22ಕ್ಕೆ, ಅಂದರೆ ನವರಾತ್ರಿ ಶುರುವಾಗುವ ದಿನ.

ಹತ್ತು ಲಕ್ಷದ ಗೆರೆ ನೆನಪಿದೆಯಲ್ಲ? ಅದೇ ಲೆಕ್ಕ ಈಗ ಹಾಕಿ ನೋಡಿ. ಶೇ 28ರ ಜೊತೆ ಶೇ 1 ಸೆಸ್ ಇದ್ದ ಸಣ್ಣ ಪೆಟ್ರೋಲ್ ಕಾರು 10.50 ಲಕ್ಷ ಇದ್ದದ್ದು, ಶೇ 18ಕ್ಕೆ ಇಳಿದರೆ ಸುಮಾರು 9.60 ಲಕ್ಷ ಆಗುತ್ತೆ. ಬೆಲೆ ಹತ್ತು ಲಕ್ಷದ ಕೆಳಗೆ ಬಂದಿದ್ದರಿಂದ ರಾಜ್ಯದ ತೆರಿಗೆಯೂ ಶೇ 17ರಿಂದ ಶೇ 14ಕ್ಕೆ. ಸೆಸ್ ಸೇರಿಸಿ ಅಲ್ಲಿ ಇನ್ನೂ ಸುಮಾರು 49,000 ಉಳಿತಾಯ. ಒಟ್ಟು ಒಂದು ಲಕ್ಷದ ನಲವತ್ತು ಸಾವಿರದ ಹತ್ತಿರ. ಆ ಮೂರು ಮನೆಗಳಲ್ಲಿ ಒಂದರದ್ದು ಇಂಥದ್ದೇ ಗಾಡಿ.

ಕಾದ ಮೂವರಲ್ಲಿ ಇಬ್ಬರು ನವರಾತ್ರಿಯಲ್ಲಿ ಅವಳ ಹತ್ತಿರವೇ ಗಾಡಿ ಬಿಡಿಸಿದರು. ಒಬ್ಬರು ಬುಕಿಂಗ್ ವಾಪಸ್ ತಗೊಂಡು ಬೇರೆ ಕಂಪನಿಯ ಕಾರು ಕೊಂಡರು. "ಅದು ಅವರ ದುಡ್ಡು ಅಣ್ಣ" ಅಂದಳು, ಅಷ್ಟೇ. ಆ ಹತ್ತು ದಿನ ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ ನಿಂತೇ ಇದ್ದಳು. ರಾಹುಕಾಲ ನೋಡಿ ಡೆಲಿವರಿ ಹೊತ್ತು ಹಂಚಬೇಕು, ಪ್ರತಿ ಗಾಡಿಗೆ ಹೂವು, ನಿಂಬೆಹಣ್ಣು, ಫೋಟೋ. ಫಾರಂ 20, 21, 22, ಸಾಲ ಇದ್ದರೆ 34, ಒಂದೊಂದರಲ್ಲೂ ಸಹಿ. ಅಕ್ಟೋಬರ್ ಸಂಬಳದಲ್ಲಿ ನಾನು ಕಟ್ಟಿದ್ದ ಕಂತು ವಾಪಸ್ ಬಂತು. ನಾನು ಕೇಳಿರಲಿಲ್ಲ.

ಒಂದು ಸಂಬಂಧ ಬಂದಿತ್ತು

ಹೋದ ದೀಪಾವಳಿ ಹೊತ್ತಿಗೆ ಒಂದು ಸಂಬಂಧ ಬಂತು. ಹುಡುಗ ನನ್ನ ಹಾಗೇ ಸಾಫ್ಟ್‌ವೇರ್. ಮಾತುಕತೆ ಎಲ್ಲ ಸರಿ ಇತ್ತು. ಕೊನೆಗೆ ಹುಡುಗನ ಅತ್ತೆ ಒಂದು ಮಾತು ಹೇಳಿದರು: "ಮದುವೆ ಆದ್ಮೇಲೆ ಈ ಶೋರೂಮು ಗೀರೂಮು ಎಲ್ಲ ಬೇಡ. ಬೇಕಾದ್ರೆ ಮನೇಲೇ ಕೂತು ಅಕೌಂಟ್ಸ್ ಮಾಡಲಿ."

ತಂಗಿ ಜಗಳ ಆಡಲಿಲ್ಲ. "ನಾನು ಈ ಕೆಲಸ ಬಿಡಲ್ಲ ಅತ್ತೆ. ಬೆಂಗಳೂರಿಗೆ ಬಂದರೂ ಅಲ್ಲಿ ಇದೇ ಕೆಲಸ ಹುಡುಕ್ತೀನಿ. ಈಗಲೇ ಹೇಳೋದು ಒಳ್ಳೇದು" ಅಂದಳು. ಸಂಬಂಧ ಮುಂದುವರಿಯಲಿಲ್ಲ. ಅಮ್ಮ ಎರಡು ದಿನ ಸಪ್ಪಗಿದ್ದರು. ಅಪ್ಪ ಏನೂ ಹೇಳಲಿಲ್ಲ. ಆದರೆ ಈಗ ಅಂಗಡಿಯಲ್ಲಿ ಪೆನ್ನುಗಳ ಡಬ್ಬಿ ಪಕ್ಕ ಅವಳ ವಿಸಿಟಿಂಗ್ ಕಾರ್ಡುಗಳ ಒಂದು ಕಟ್ಟು ಇದೆ. ನೋಟ್‌ಬುಕ್ ತಗೊಳ್ಳೋಕೆ ಬಂದವರು ಕಾರಿನ ಮಾತು ಎತ್ತಿದರೆ ಒಂದು ಕೊಡ್ತಾರೆ. "ನನ್ನ ಮಗಳು. ಲೆಕ್ಕ ಸರಿಯಾಗಿ ಹೇಳ್ತಾಳೆ" ಅಂತಾರಂತೆ.

ಸೇರುವ ಮೊದಲು ಕೇಳಬೇಕಾದ್ದು

ಈ ಕೆಲಸಕ್ಕೆ ಹೋಗಬೇಕು ಅಂದುಕೊಂಡವರಿಗೆ ತಂಗಿ ಹೇಳಿ ಬರೆಸಿದ ಮಾತುಗಳಿವು.

ಮೊದಲನೆಯದು, ಲೈಸೆನ್ಸ್ ಮಾಡಿಸಿಕೊಂಡು ಹೋಗಿ. ಎರಡನೆಯದು, ಮೂಲ ಸಂಬಳ ಎಷ್ಟು, ಎಷ್ಟು ಗಾಡಿಯ ಮೇಲೆ ಇನ್ಸೆಂಟಿವ್ ಶುರು, ಅದು ಯಾವ ತಿಂಗಳು ಕೈಗೆ ಬರುತ್ತೆ ಅನ್ನೋದನ್ನು ಬರವಣಿಗೆಯಲ್ಲಿ ಕೇಳಿ. ಬಾಯಿಮಾತು ಸಾಲದು. ಮೂರನೆಯದು, ವಾರದ ರಜೆ ಯಾವತ್ತು ಅಂತ ಕೇಳಿ. ಭಾನುವಾರವಂತೂ ಅಲ್ಲ, ಗಿರಾಕಿ ಬರೋದೇ ಅವತ್ತು. ಗಿರಾಕಿಗಳ ಮನೆಗೆ ಹೋಗಬೇಕಾದರೆ ಪೆಟ್ರೋಲ್ ಯಾರದ್ದು, ಅದೂ ಕೇಳಿ. ನಾಲ್ಕನೆಯದು, ಮೂರು ತಿಂಗಳು ಮೂಲ ಸಂಬಳದಲ್ಲೇ ಬದುಕೋಕೆ ಆಗುತ್ತಾ ಅಂತ ಮನೆಯಲ್ಲಿ ಕೂತು ಲೆಕ್ಕ ಹಾಕಿ. ಆಗಲ್ಲ ಅಂದರೆ ಸ್ವಲ್ಪ ಉಳಿತಾಯ ಮಾಡಿಕೊಂಡು ಸೇರಿ, ಸಾಧ್ಯವಾದರೆ ಆಷಾಢ ಕಳೆದ ಮೇಲೆ.

ಹುಡುಗಿಯರಾದರೆ ಟೆಸ್ಟ್ ಡ್ರೈವ್‌ಗೆ ಜೊತೆ ಯಾರು, ಹಬ್ಬದ ಸಮಯದಲ್ಲಿ ರಾತ್ರಿ ಮನೆಗೆ ಹೋಗುವ ವ್ಯವಸ್ಥೆ ಏನು ಅಂತ ಮೊದಲ ದಿನವೇ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಆ ಶೋರೂಮು ಬೇಡ.

ಇಲ್ಲಿ ದಾರಿ ಇಲ್ಲ ಅಂತಲ್ಲ. ಕನ್ಸಲ್ಟೆಂಟ್ ಆದವರು ಟೀಮ್ ಲೀಡರ್, ಸೇಲ್ಸ್ ಮ್ಯಾನೇಜರ್ ಆಗ್ತಾರೆ. ಕೆಲವರು ಸಾಲ, ವಿಮೆಯ ಕಡೆಗೆ, ಕೆಲವರು ಹಳೇ ಗಾಡಿ ಬೆಲೆ ಕಟ್ಟುವ ಕೆಲಸಕ್ಕೆ ಹೋಗ್ತಾರೆ. ಕೆಲವರು ಡೀಲರ್ ಬಿಟ್ಟು ಕಂಪನಿಯ ಕಡೆಗೇ ಹೋಗ್ತಾರೆ. ಆಟೋಮೋಟಿವ್ ಸ್ಕಿಲ್ಸ್ ಡೆವಲಪ್‌ಮೆಂಟ್ ಕೌನ್ಸಿಲ್ ಈ ಕೆಲಸಗಳಿಗೆ ಮಾನದಂಡ ಗೊತ್ತು ಮಾಡುತ್ತೆ. ಪಾರ್ಟ್‌ಟೈಮ್ ಕೆಲಸ ಅಂತ ನೋಡಿದವರು ಆರು ತಿಂಗಳಿಗೆ ಬಿಡ್ತಾರೆ. ವೃತ್ತಿ ಅಂತ ನೋಡಿದವರಿಗೆ ಎರಡನೇ ವರ್ಷದಿಂದ ಹಳೇ ಗಿರಾಕಿಗಳೇ ಹೊಸ ಗಿರಾಕಿಗಳನ್ನು ಕಳಿಸ್ತಾರೆ. ತಂಗಿಗೆ ಈಗ ಬರುವ ಬುಕಿಂಗ್‌ಗಳಲ್ಲಿ ಹೆಚ್ಚಿನವು ಹಾಗೆ ಬಂದವೇ.

ಇನ್ನು ಕಾರು ನೋಡೋಕೆ ಹೋಗುವ ನಮ್ಮಂಥವರಿಗೆ ಅವಳದ್ದೊಂದು ಕೋರಿಕೆ ಇದೆ. ತಪ್ಪು ಫೋನ್ ನಂಬರ್ ಕೊಡಬೇಡಿ. ಲೆಕ್ಕ ಅರ್ಥ ಆಗದಿದ್ದರೆ ಇನ್ನೊಂದು ಸಲ ಕೇಳಿ. ಫಾರಂ 21ರಲ್ಲಿ ಗಾಡಿ ತಯಾರಾದ ತಿಂಗಳು, ವರ್ಷ ಇರುತ್ತೆ, ನೋಡಿ ಸಹಿ ಹಾಕಿ. ಮತ್ತೆ, ಬೇಡ ಅನಿಸಿದರೆ "ನೋಡೋಣ", "ಮನೇಲಿ ಕೇಳಿ ಹೇಳ್ತೀನಿ" ಅಂತ ಎರಡು ತಿಂಗಳು ಎಳೆಯಬೇಡಿ. "ಬೇಡಮ್ಮ, ಬೇರೆ ತಗೊಂಡೆ" ಅಂತ ಹೇಳಿಬಿಡಿ.

ಅವಳಿಗೆ ಬೇಜಾರಾಗಲ್ಲ. ನೋಟ್‌ಬುಕ್ಕಿನಲ್ಲಿ ನಿಮ್ಮ ಹೆಸರಿನ ಮೇಲೆ ಒಂದು ಗೆರೆ ಎಳೆದು ಮುಂದಿನ ನಂಬರಿಗೆ ಫೋನ್ ಮಾಡ್ತಾಳೆ.